ಲೀಕ್ ಆದರೆ ಆಟದ ಮಜಾ ಹೋಗುತ್ತಾ? ಏನು ಲೀಕ್ ಆಯ್ತು ಅನ್ನೋದನ್ನ ಮೊದಲು ನೋಡಿ

ದೊಡ್ಡ ಗೇಮ್‌ಗೆ ಹೊಸ ಎಕ್ಸ್‌ಪ್ಯಾನ್ಶನ್, ಅಂದರೆ ಹಳೆ ಆಟಕ್ಕೇ ಸೇರಿಸುವ ದೊಡ್ಡ ಹೊಸ ಭಾಗ ಬರುವ ಹೊತ್ತಿಗೆ ಪ್ರತಿ ಸಲವೂ ಇದೇ ಜಗಳ. ಯಾರೋ ಗೇಮ್‌ನ ಫೈಲ್‌ಗಳನ್ನು ಕೆದಕಿ ಹೊಸ ಮ್ಯಾಪ್, ಹೊಸ ಬಾಸ್ (ಸೋಲಿಸಬೇಕಾದ ದೊಡ್ಡ ಶತ್ರು), ಪಾತ್ರಗಳ ಸಂಭಾಷಣೆ ಎಲ್ಲವನ್ನೂ ಹೊರಗೆ ಹಾಕುತ್ತಾರೆ. ಅರ್ಧ ಜನ ಹಬ್ಬ ಮಾಡುತ್ತಾರೆ, ಇನ್ನರ್ಧ ಜನ ಬೈಯುತ್ತಾರೆ. "ಇಷ್ಟ ಇಲ್ಲದಿದ್ದರೆ ನೋಡಬೇಡಿ" ಅಂತ ಒಂದು ಗುಂಪು, "ನಮ್ಮ ಮಜಾ ಯಾಕೆ ಹಾಳು ಮಾಡ್ತೀರಿ" ಅಂತ ಇನ್ನೊಂದು ಗುಂಪು. ಈ ಜಗಳ ಎಂದೂ ಮುಗಿಯದೇ ಇರೋದಕ್ಕೆ ಕಾರಣ ಇದೆ. ಒಬ್ಬರು ಹೊಸ ಮ್ಯಾಪ್‌ನ ಚಿತ್ರ ಮನಸ್ಸಲ್ಲಿಟ್ಟುಕೊಂಡು ಮಾತಾಡುತ್ತಿದ್ದರೆ, ಇನ್ನೊಬ್ಬರು ಕಥೆಯ ಕೊನೆಯ ದೃಶ್ಯ ಮನಸ್ಸಲ್ಲಿಟ್ಟುಕೊಂಡು ಮಾತಾಡುತ್ತಿರುತ್ತಾರೆ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಉತ್ತರ ಸಿಗೋದಿಲ್ಲ.

ಇನ್ನೊಂದು ವಿಷಯ. ಎಕ್ಸ್‌ಪ್ಯಾನ್ಶನ್ ಅಂದರೆ ಹೊಸ ಗೇಮ್ ಅಲ್ಲ. ಹೊಸ ಗೇಮ್‌ನ ಪಾತ್ರಗಳು ನಮಗೆ ಅಪರಿಚಿತರು, ಅವರಿಗೆ ಏನಾದರೂ ಆಗುತ್ತೆ ಅಂತ ಮೊದಲೇ ಗೊತ್ತಾದರೆ ಅಷ್ಟೇನೂ ತಟ್ಟೋದಿಲ್ಲ. ಆದರೆ ಎಕ್ಸ್‌ಪ್ಯಾನ್ಶನ್‌ಗೆ ಕಾಯುವವರು ಆ ಲೋಕದಲ್ಲಿ ವರ್ಷಗಟ್ಟಲೆ ಓಡಾಡಿದವರು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2004ರಿಂದ ನಡೆಯುತ್ತಿದೆ. ಫೈನಲ್ ಫ್ಯಾಂಟಸಿ 14 ಈಗಿನ ರೂಪದಲ್ಲಿ 2013ರಿಂದ ಇದೆ. ಇಂಥ ಆಟಗಳಲ್ಲಿ ಲೀಕ್‌ನಿಂದ ಆಗುವ ಉಪಯೋಗವೂ ಜಾಸ್ತಿ, ನೋವೂ ಜಾಸ್ತಿ.

ವಾರ್‌ಕ್ರಾಫ್ಟ್‌ನ ಕಥೆಯನ್ನೇ ತೆಗೆದುಕೊಳ್ಳೋಣ, ಯಾಕಂದರೆ ಲೀಕ್‌ಗಳ ಇತಿಹಾಸ ಇಷ್ಟು ಉದ್ದ ಇರುವ ಆಟ ಇನ್ನೊಂದು ಸಿಗೋದು ಕಷ್ಟ. 2009ರ ಆಗಸ್ಟ್. ಆಟದಲ್ಲಿ ಹ್ಯಾಲೋವೀನ್ ಹಬ್ಬಕ್ಕೆ ಮುಖವಾಡಗಳು ಸಿಗುತ್ತವೆ, ನಾವು ಆಡಬಹುದಾದ ಪ್ರತಿ ಜನಾಂಗದ ಮುಖಕ್ಕೂ ಒಂದೊಂದು. ಆ ತಿಂಗಳು ಗೇಮ್‌ನ ಫೈಲ್‌ಗಳಲ್ಲಿ ಎರಡು ಹೊಸ ಜನಾಂಗದ ಮುಖವಾಡ ಕಾಣಿಸಿಕೊಂಡವು: ಗಾಬ್ಲಿನ್ ಮತ್ತು ವೋರ್ಗೆನ್. ಆಡಲು ಸಿಗದ ಜನಾಂಗಕ್ಕೆ ಮುಖವಾಡ ಯಾಕೆ? ಜನ ಲೆಕ್ಕ ಹಾಕಿಬಿಟ್ಟರು. ಅದರ ಹಿಂದೆಯೇ ಎಂಎಂಒ-ಚಾಂಪಿಯನ್ ಎಂಬ ಸೈಟ್ ಮುಂದಿನ ಎಕ್ಸ್‌ಪ್ಯಾನ್ಶನ್‌ನ ವಿವರಗಳನ್ನು ಬಿಚ್ಚಿಟ್ಟಿತು. ಹೆಸರು ಕ್ಯಾಟಕ್ಲಿಸಮ್, ಹಳೆಯ ಲೋಕವೆಲ್ಲ ಒಡೆದು ಹೊಸದಾಗಿ ಕಟ್ಟಲಾಗುತ್ತೆ ಅಂತ. ಆಗಸ್ಟ್ 21ಕ್ಕೆ ಬ್ಲಿಝ್‌ಕಾನ್ ಸಮಾವೇಶದ ವೇದಿಕೆಯಲ್ಲಿ ಬ್ಲಿಝಾರ್ಡ್ ಕಂಪನಿ ಅದನ್ನೇ ಘೋಷಿಸಿತು. ಅಲ್ಲಿ ಕೂತ ಎಷ್ಟೋ ಜನಕ್ಕೆ ಅದು ಹಳೆ ಸುದ್ದಿ.

ಹಾಗಾದರೆ ಮಜಾ ಹೋಯ್ತಾ? ವೇದಿಕೆಯ ಮೇಲೆ ಪರದೆ ಸರಿಸಿ ತೋರಿಸಬೇಕೆಂದಿದ್ದವರ ಮಜಾ ಖಂಡಿತ ಹೋಯ್ತು, ಅದನ್ನು ಸಣ್ಣದು ಅನ್ನೋ ಹಾಗಿಲ್ಲ. ಆದರೆ ಆಟ ಬಂದಿದ್ದು 2010ರ ಡಿಸೆಂಬರ್ 7ಕ್ಕೆ, ಲೀಕ್ ಆಗಿ ಹದಿನಾರು ತಿಂಗಳ ನಂತರ. ಮೊದಲ 24 ಗಂಟೆಯಲ್ಲೇ 33 ಲಕ್ಷ ಪ್ರತಿ ಮಾರಾಟ ಆಯಿತು, ಆಗಿನ ಮಟ್ಟಿಗೆ ಪಿಸಿ ಗೇಮ್‌ಗಳಲ್ಲಿ ಅದೇ ದಾಖಲೆ. ಮಾರಾಟ ಬಿಡಿ, ಆಡುವವರ ಅನುಭವವನ್ನೇ ನೋಡಿ. ಬ್ಯಾರೆನ್ಸ್ ಎಂಬ ಬಯಲು ಎರಡು ಹೋಳಾಗುತ್ತೆ, ಥೌಸಂಡ್ ನೀಡಲ್ಸ್ ಎಂಬ ಒಣ ಕಣಿವೆ ನೀರಲ್ಲಿ ಮುಳುಗುತ್ತೆ ಅಂತ ಮೊದಲೇ ಓದಿರಬಹುದು. ಆದರೆ ವರ್ಷಗಟ್ಟಲೆ ನಡೆದಾಡಿದ ಕಣಿವೆಯ ಮೇಲೆ ದೋಣಿಯಲ್ಲಿ ಹೋಗೋದು ಬೇರೆಯೇ ಅನುಭವ. ಓದಿದ್ದು ಅದನ್ನು ಕಿತ್ತುಕೊಳ್ಳಲಿಲ್ಲ. "ಅದು ಹೇಗಿರುತ್ತೋ" ಅನ್ನೋ ಕುತೂಹಲಕ್ಕೆ ತುಪ್ಪ ಸುರಿಯಿತು ಅಷ್ಟೇ.

ಎರಡು ವರ್ಷದ ನಂತರ ಇನ್ನೂ ವಿಚಿತ್ರ. 2011ರಲ್ಲಿ ಬ್ಲಿಝಾರ್ಡ್ "ಮಿಸ್ಟ್ಸ್ ಆಫ್ ಪಂಡಾರಿಯಾ" ಅನ್ನೋ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ್ದು ಆಗಸ್ಟ್‌ನಲ್ಲೇ ಜನರ ಕಣ್ಣಿಗೆ ಬಿತ್ತು. ಘೋಷಣೆ ಆಗಿದ್ದು ಅಕ್ಟೋಬರ್ 21ಕ್ಕೆ. ಟ್ರೇಡ್‌ಮಾರ್ಕ್ ಅರ್ಜಿಗಳು ಸಾರ್ವಜನಿಕ ದಾಖಲೆ, ಅದನ್ನು ಓದಿದವರನ್ನು ಕಳ್ಳರು ಅನ್ನೋಕಾಗುತ್ತಾ? ಆದರೂ ಅನೇಕರು ನಂಬಲಿಲ್ಲ. ಆ ಎಕ್ಸ್‌ಪ್ಯಾನ್ಶನ್‌ನಲ್ಲಿ ಬರಲಿದ್ದ ಪಾಂಡಾ ಜನಾಂಗ ಅನ್ನೋದು ಹಿಂದೆ ಬ್ಲಿಝಾರ್ಡ್‌ನವರೇ ಏಪ್ರಿಲ್ ಒಂದರಂದು ತಮಾಷೆಗೆ ಬಿಟ್ಟಿದ್ದ ಕಲ್ಪನೆ.

ಇಂಥ ಲೀಕ್‌ಗಳು ಹೇಗೆ ಆಗುತ್ತವೆ ಅನ್ನೋದನ್ನೂ ಹೇಳಬೇಕು, ಇಲ್ಲದಿದ್ದರೆ ಎಲ್ಲ ಲೀಕ್‌ನ ಹಿಂದೆಯೂ ಯಾರೋ ಹ್ಯಾಕರ್ ಇದ್ದಾನೆ ಅನ್ನಿಸುತ್ತೆ. ಆನ್‌ಲೈನ್ ಗೇಮ್‌ನ ಚಿತ್ರ, ದನಿ, ಸಂಭಾಷಣೆಯ ಬಹುಪಾಲು ನಮ್ಮ ಕಂಪ್ಯೂಟರ್‌ಗೇ ಇಳಿಯುತ್ತದೆ. ಹೊಸ ಪ್ಯಾಚ್ ಅಂದರೆ ಆಟಕ್ಕೆ ತಿದ್ದುಪಡಿ ಬರುವ ಮುಂಚೆ ಟೆಸ್ಟ್ ಸರ್ವರ್‌ಗೆ ಹೊಸ ಫೈಲ್‌ಗಳು ಬರುತ್ತವೆ, ಎಕ್ಸ್‌ಪ್ಯಾನ್ಶನ್ ಆದರೆ ತಿಂಗಳುಗಟ್ಟಲೆ ಬೀಟಾ ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷೆ ನಡೆಯುತ್ತದೆ. ಆ ಫೈಲ್‌ಗಳನ್ನು ಬಿಡಿಸಿ ಓದುವುದಕ್ಕೆ ಡೇಟಾಮೈನಿಂಗ್ ಅನ್ನುತ್ತಾರೆ. ವಾರ್‌ಕ್ರಾಫ್ಟ್‌ಗೆ ವೌಹೆಡ್ ಥರದ ಸೈಟ್‌ಗಳು ಇದನ್ನು ರಾಜಾರೋಷವಾಗಿಯೇ ಮಾಡುತ್ತವೆ, ಆಟಗಾರರು ದಿನಾ ಅದನ್ನೇ ನೋಡಿ ಆಡುತ್ತಾರೆ. ಬ್ಲಿಝಾರ್ಡ್‌ಗೂ ಇದು ಗೊತ್ತು. ಅದಕ್ಕೇ ಈಗೀಗ ಕಥೆಯ ಮುಖ್ಯ ವಿಡಿಯೊಗಳನ್ನು ಎನ್‌ಕ್ರಿಪ್ಟ್ ಮಾಡಿ ಕಳಿಸುತ್ತಾರೆ. ಫೈಲ್ ನಮ್ಮ ಹತ್ತಿರ ಇರುತ್ತೆ, ಕೀಲಿ ಮಾತ್ರ ಅವರ ಕೈಯಲ್ಲಿ. ರೇಡ್‌ನ, ಅಂದರೆ ದೊಡ್ಡ ತಂಡ ಕಟ್ಟಿ ಆಡುವ ಕಾಳಗದ ಬಾಸ್‌ಗಳನ್ನು ಟೆಸ್ಟ್ ಸರ್ವರ್‌ನಲ್ಲಿ ಆಡೋಕೆ ಬಿಟ್ಟರೂ ಕಟ್ಟಕಡೆಯ ಬಾಸನ್ನು ಸಾಮಾನ್ಯವಾಗಿ ಬಿಡೋದಿಲ್ಲ. ಅಂದರೆ ಯಾವುದು ಬಯಲಾದರೆ ಪರವಾಗಿಲ್ಲ, ಯಾವುದು ಆಗಬಾರದು ಅಂತ ಆಟ ಮಾಡುವವರೇ ಒಂದು ಗೆರೆ ಎಳೆದುಕೊಂಡಿದ್ದಾರೆ. ಆ ಗೆರೆ ಸರಿಯಾದ ಜಾಗದಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಫೈನಲ್ ಫ್ಯಾಂಟಸಿ 14ರಲ್ಲಿ ಈ ಗೆರೆ ಇನ್ನೂ ಸ್ಪಷ್ಟ. ನಿರ್ಮಾಪಕ ನಾವೊಕಿ ಯೋಶಿದಾ ಪ್ರತಿ ಎಕ್ಸ್‌ಪ್ಯಾನ್ಶನ್‌ಗೆ ಮುಂಚೆ ಗಂಟೆಗಟ್ಟಲೆ ಲೈವ್ ಕಾರ್ಯಕ್ರಮ ನಡೆಸಿ ಹೊಸ ಜಾಬ್‌ಗಳು (ಆಟಗಾರ ಆರಿಸಿಕೊಳ್ಳುವ ಪಾತ್ರದ ಬಗೆಗಳು), ಅವುಗಳ ಹೊಸ ಶಕ್ತಿಗಳು, ಬದಲಾದ ನಿಯಮಗಳು ಎಲ್ಲವನ್ನೂ ತಾವೇ ಹೇಳಿಬಿಡುತ್ತಾರೆ. ಕಥೆಯ ಬಗ್ಗೆ ಮಾತ್ರ ತುಟಿ ಬಿಚ್ಚೋದಿಲ್ಲ. ಆಟದ ಅಂಕಿ ಸಂಖ್ಯೆ ಗೊತ್ತಾದರೆ ಆಟಗಾರ ತಯಾರಿ ಮಾಡಿಕೊಳ್ಳುತ್ತಾನೆ, ಗೆಳೆಯರ ಜೊತೆ ಕೂತು ಯಾವ ಜಾಬ್ ಆಡೋಣ ಅಂತ ಚರ್ಚೆ ಮಾಡುತ್ತಾನೆ. ಇದು ಕಾಯುವಿಕೆಯನ್ನು ಹಾಳು ಮಾಡೋದಿಲ್ಲ, ತುಂಬುತ್ತದೆ.

ದುಡ್ಡಿನ ವಿಷಯ ಬಂದಾಗಲಂತೂ ನಾನು ಪೂರ್ತಿ ಲೀಕ್ ನೋಡುವವರ ಪರ. ಗೆನ್‌ಶಿನ್ ಇಂಪ್ಯಾಕ್ಟ್ ಎಂಬ ಆಟ ಎಕ್ಸ್‌ಪ್ಯಾನ್ಶನ್ ಮಾರುವುದಿಲ್ಲ, ಸುಮಾರು ಆರು ವಾರಕ್ಕೊಮ್ಮೆ ಹೊಸ ಆವೃತ್ತಿ ಬಿಡುತ್ತದೆ, ಹೊಸ ಪಾತ್ರಗಳನ್ನು ಗಾಚಾ ಅಂದರೆ ಅದೃಷ್ಟದ ಚೀಟಿ ಎತ್ತಿಸುವ ರೀತಿಯಲ್ಲಿ ಕೊಡುತ್ತದೆ. ಅಲ್ಲಿ ಒಂದು ಪಾತ್ರ ಸಿಗೋಕೆ ತಿಂಗಳುಗಟ್ಟಲೆ ಕೂಡಿಟ್ಟಿದ್ದನ್ನು ಖರ್ಚು ಮಾಡಬೇಕು, ಇಲ್ಲ ಕೈಯಿಂದ ದುಡ್ಡು ಹಾಕಬೇಕು. ಮುಂದಿನ ಆವೃತ್ತಿಯಲ್ಲಿ ಯಾರು ಬರುತ್ತಾರೆ ಅಂತ ಗೊತ್ತಿಲ್ಲದೆ ಇವತ್ತು ಖರ್ಚು ಮಾಡು ಅನ್ನೋದು ಅನ್ಯಾಯ ಅಲ್ವಾ? ಕಂಪನಿ ಬೀಟಾದಿಂದ ಲೀಕ್ ಮಾಡುವವರ ಮೇಲೆ ಕಾನೂನು ಕ್ರಮಕ್ಕೂ ಹೋಗಿದೆ, ಅದು ಅವರ ಹಕ್ಕು. ಆದರೆ ಅದೇ ಕಂಪನಿ ಈಗ ಮುಂಬರುವ ಪಾತ್ರಗಳ ಚಿತ್ರವನ್ನು ವಾರಗಳ ಮುಂಚೆ ತಾನೇ ಪ್ರಕಟಿಸುತ್ತದೆ. ಗ್ರಾಹಕನಿಗೆ ಬೇಕಾದ ಮಾಹಿತಿಯನ್ನು ನೇರವಾಗಿ ಕೊಟ್ಟರೆ ಕದ್ದ ಮಾಹಿತಿಗೆ ಬೆಲೆ ಕಮ್ಮಿ. ಬೀಟಾದ ಅಂಕಿಗಳಿಗೆ ಮಾತ್ರ ಒಂದು ಎಚ್ಚರಿಕೆ ಬೇಕು: ಅವು ಬಿಡುಗಡೆಗೆ ಮುಂಚೆ ಪದೇ ಪದೇ ಬದಲಾಗುತ್ತವೆ. ಮೊದಲ ವಾರದ ಅಂಕಿ ನೋಡಿ "ಈ ಪಾತ್ರ ದಂಡ" ಅಂತ ತೀರ್ಪು ಕೊಟ್ಟವರು ಬಿಡುಗಡೆ ದಿನ ಮಾತು ಬದಲಿಸೋದನ್ನ ನೋಡಿರುತ್ತೀರಿ.

ಈಗ ಕಥೆಗೆ ಬರೋಣ. ನಿಜವಾದ ನಷ್ಟ ಇರೋದು ಇಲ್ಲಿ.

2020ರ ಏಪ್ರಿಲ್ ಕೊನೆಯಲ್ಲಿ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2ರ ಕಥೆಯ ಮುಖ್ಯ ದೃಶ್ಯಗಳೇ ಹೊರಬಂದವು. ಕೋವಿಡ್‌ನಿಂದ ಬಿಡುಗಡೆಯನ್ನು ಆಗಷ್ಟೇ ಮುಂದಕ್ಕೆ ಹಾಕಿದ್ದರು, ಆಟ ಬಂದಿದ್ದು ಜೂನ್ 19ಕ್ಕೆ. ಅದು ಎಕ್ಸ್‌ಪ್ಯಾನ್ಶನ್ ಅಲ್ಲ, ಆದರೆ 2013ರ ಮೊದಲ ಭಾಗದ ಪಾತ್ರಗಳನ್ನು ಏಳು ವರ್ಷ ಮನಸ್ಸಲ್ಲಿ ಇಟ್ಟುಕೊಂಡಿದ್ದವರಿಗೆ ಬಂದ ಮುಂದುವರಿಕೆ, ಹಾಗಾಗಿ ಪರಿಸ್ಥಿತಿ ಒಂದೇ. ಏನಾಗುತ್ತದೆ ಅಂತ ಇಲ್ಲಿ ಬರೆಯೋದಿಲ್ಲ, ಇನ್ನೂ ಆಡದವರು ಇದ್ದಾರೆ. ಒಂದು ದೃಶ್ಯವನ್ನು ಕಥೆಯಿಂದ ಕಿತ್ತು ತೆಗೆದು ತೋರಿಸಿದರು. ಅದಕ್ಕೆ ಮುಂಚೆ ಏನಾಯ್ತು, ನಂತರದ ಗಂಟೆಗಳಲ್ಲಿ ಆ ದೃಶ್ಯವನ್ನು ಆಟ ಹೇಗೆ ತಿರುಗಿಸಿ ನೋಡುತ್ತದೆ ಅನ್ನೋದು ಯಾರಿಗೂ ಗೊತ್ತಿಲ್ಲ. ಅದರ ಜೊತೆಗೆ ಸುಳ್ಳು ವಿವರಗಳೂ ಸೇರಿಕೊಂಡು ಹರಡಿದವು. ಇಪ್ಪತ್ತು ಗಂಟೆಗೂ ಮೀರಿದ ಆಟ ಬಿಡುಗಡೆಯಾದ ದಿನವೇ, ಯಾರೂ ಮುಗಿಸಿರೋಕೆ ಸಾಧ್ಯವಿಲ್ಲದ ಹೊತ್ತಲ್ಲೇ, ಸಾವಿರಾರು ಜನ ಸೊನ್ನೆ ಅಂಕ ಕೊಟ್ಟರು. ಮೂರು ದಿನದಲ್ಲಿ 40 ಲಕ್ಷಕ್ಕೂ ಹೆಚ್ಚು ಪ್ರತಿ ಹೋದವು, ವರ್ಷದ ಕೊನೆಗೆ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಅಂತ ಪ್ರಶಸ್ತಿಯೂ ಬಂತು. ಕಂಪನಿಗೆ ಏನೂ ಆಗಲಿಲ್ಲ ಅನ್ನಬಹುದು. ಆದರೆ ಆ ದೃಶ್ಯವನ್ನು ಮೊದಲ ಸಲ ಫೋನಿನಲ್ಲಿ, ದನಿ ಇಲ್ಲದೆ, ಯಾರದೋ ಬೈಗುಳದ ಕೆಳಗೆ ನೋಡಿದವರಿಗೆ ಅದನ್ನು ಇನ್ನೊಮ್ಮೆ ಮೊದಲ ಸಲ ನೋಡುವ ಅವಕಾಶ ಇಲ್ಲ. ಮಾರಾಟದ ಲೆಕ್ಕದಲ್ಲಿ ಆ ನಷ್ಟ ಕಾಣೋದಿಲ್ಲ.

ಇಲ್ಲಿ ಒಂದು ವಾದ ಬರುತ್ತೆ, ಅದನ್ನು ಗಂಭೀರವಾಗಿಯೇ ನೋಡಬೇಕು. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಇಬ್ಬರು ಸಂಶೋಧಕರು 12 ಸಣ್ಣಕಥೆಗಳನ್ನು ಓದಿಸಿ ಪರೀಕ್ಷೆ ಮಾಡಿದರು. ಅಂತ್ಯ ಮೊದಲೇ ಗೊತ್ತಿದ್ದ ಓದುಗರು ಕಥೆಯನ್ನು ಇನ್ನೂ ಹೆಚ್ಚು ಮೆಚ್ಚಿದರು ಅಂತ ಫಲಿತಾಂಶ ಬಂತು. ಲೀಕ್ ಪರ ಇರುವವರು ಇದನ್ನು ಬಹಳ ಎತ್ತಿ ಹೇಳುತ್ತಾರೆ. ಆದರೆ 2015ರಲ್ಲಿ ಬೇರೆ ಸಂಶೋಧಕರು ಅಂಥದೇ ಪ್ರಯೋಗ ಮಾಡಿದಾಗ ಉಲ್ಟಾ ಬಂತು, ಅಂತ್ಯ ಗೊತ್ತಿದ್ದವರಿಗೆ ಖುಷಿ ಕಮ್ಮಿ ಆಗಿತ್ತು. ಅದಕ್ಕಿಂತ ಮುಖ್ಯವಾಗಿ, ಒಂದೇ ಸಲ ಕೂತು ಓದಿ ಮುಗಿಸುವ, ಯಾರೂ ಕಾದು ಕೂತಿರದ ಸಣ್ಣಕಥೆಯನ್ನೂ ಎಂಟು ವರ್ಷ ಆಡಿದ ಆಟದ ಕೊನೆಯ ಅಧ್ಯಾಯವನ್ನೂ ಒಂದೇ ಅನ್ನೋದು ಹೇಗೆ?

ನಮ್ಮಲ್ಲೇ ಒಬ್ಬರು ಕೇಳಬಹುದು, ತಾಳಮದ್ದಳೆಗೆ ಹೋಗುವವರಿಗೆ ಕಥೆ ಗೊತ್ತಿಲ್ವಾ, ಕೌರವ ಸೋಲುತ್ತಾನೆ ಅಂತ ಗೊತ್ತಿದ್ದೂ ರಾತ್ರಿಯೆಲ್ಲ ಕೂರುವುದಿಲ್ವಾ ಅಂತ. ಹೌದು, ಕೂರುತ್ತಾರೆ, ಯಾಕಂದರೆ ಅಲ್ಲಿ ಅರ್ಥಧಾರಿಯ ಮಾತು ಪ್ರತಿ ರಾತ್ರಿ ಹೊಸದಾಗಿ ಹುಟ್ಟುತ್ತದೆ. ಪ್ರಸಂಗ ಗೊತ್ತಿದ್ದರೂ ಇವತ್ತಿನ ವಾದ ಹೇಗೆ ತಿರುಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಗೇಮ್‌ನಲ್ಲಿ ಹಾಗೆ ಪ್ರತಿ ಸಲ ಹೊಸದಾಗುವ ಭಾಗ ಯಾವುದು? ಕಾಳಗ. ಬಾಸ್‌ನ ಎಲ್ಲ ಹೊಡೆತಗಳ ಪಟ್ಟಿ ಕೈಯಲ್ಲಿದ್ದರೂ ಎದುರು ನಿಂತಾಗ ನಿಮ್ಮ ಕೈ ನಡುಗುತ್ತದೆ, ತಂಡದಲ್ಲಿ ಒಬ್ಬ ತಪ್ಪು ಮಾಡುತ್ತಾನೆ, ಇನ್ನೊಬ್ಬ ಹೇಗೋ ಉಳಿಸುತ್ತಾನೆ. ಅದು ಲೀಕ್ ಆಗೋಕೆ ಸಾಧ್ಯವೇ ಇಲ್ಲ. ಕಥೆಯ ದೃಶ್ಯ ಹಾಗಲ್ಲ. ಅದನ್ನು ರೆಕಾರ್ಡ್ ಮಾಡಿ ಇಟ್ಟಿರುತ್ತಾರೆ, ಎಲ್ಲರಿಗೂ ಒಂದೇ, ಒಂದೇ ಸಲ. ಅದಕ್ಕೇ ಕಾಳಗದ ಲೀಕ್ ತಡೆದುಕೊಳ್ಳಬಹುದು, ದೃಶ್ಯದ ಲೀಕ್ ತಡೆದುಕೊಳ್ಳೋದು ಕಷ್ಟ.

ಎಲ್ಡನ್ ರಿಂಗ್‌ನ ಎಕ್ಸ್‌ಪ್ಯಾನ್ಶನ್ ಶ್ಯಾಡೋ ಆಫ್ ದಿ ಎರ್ಡ್‌ಟ್ರೀಯನ್ನು 2023ರ ಫೆಬ್ರವರಿ 28ರಂದು ಒಂದೇ ಒಂದು ಚಿತ್ರದೊಂದಿಗೆ ಘೋಷಿಸಿದರು. ಬಂಗಾರದ ಬಣ್ಣದ ಹುಲ್ಲುಗಾವಲು, ಸವಾರಿ ಹೊರಟ ಒಂದು ಆಕೃತಿ, ದೂರದಲ್ಲಿ ಬಾಗಿದ ಮರ. ಸುಮಾರು ಒಂದು ವರ್ಷ ಟ್ರೈಲರ್ ಇಲ್ಲ. ಆ ಒಂದು ಚಿತ್ರದ ಮೇಲೆ ಜನ ಕಟ್ಟಿದ ಊಹೆಗಳು, ಬರೆದ ಉದ್ದುದ್ದ ವಾದಗಳು, ಆ ಆಕೃತಿಯ ಕೂದಲ ಬಣ್ಣದಿಂದ ಹಿಡಿದು ಮರದ ನೆರಳಿನವರೆಗೆ ನಡೆದ ಚರ್ಚೆ, ಇದೆಲ್ಲ ಆಟದ್ದೇ ಭಾಗ ಅಂತ ನಾನು ತಿಳಿಯುತ್ತೇನೆ. ಹೆಚ್ಚಿನ ಊಹೆಗಳು ತಪ್ಪಾದವು, ಅದರಿಂದ ಯಾರಿಗೂ ನಷ್ಟವಿಲ್ಲ. 2024ರ ಜೂನ್ 21ಕ್ಕೆ ಬಂದ ಅದು ಮೂರು ದಿನದಲ್ಲಿ 50 ಲಕ್ಷ ದಾಟಿತು. ಊಹೆ ಮಾಡುವವನಿಗೆ ಉತ್ತರಪತ್ರಿಕೆ ಕೈಗೆ ಕೊಟ್ಟರೆ ಆ ಹದಿನಾರು ತಿಂಗಳ ಸಂಭ್ರಮವೇ ಇರುತ್ತಿರಲಿಲ್ಲ.

ಆದರೆ ಗುಟ್ಟು ಕಾಪಾಡಿದರೆ ಸಾಕು, ಕಥೆ ಚೆನ್ನಾಗಿ ಮೂಡುತ್ತೆ ಅಂತಲೂ ಅಲ್ಲ. ವಾರ್‌ಕ್ರಾಫ್ಟ್‌ನ ಬ್ಯಾಟಲ್ ಫಾರ್ ಅಝೆರೋತ್ ಬರುವ ಮುಂಚೆ ಟೆಲ್ಡ್ರಾಸಿಲ್ ಎಂಬ ಮಹಾವೃಕ್ಷ ಸುಟ್ಟುಹೋಗುತ್ತೆ ಅಂತ ಕಂಪನಿಯೇ ಹೇಳಿತ್ತು. ಸುಟ್ಟವರು ಯಾರು ಅನ್ನೋದು ಪ್ರಶ್ನೆಯಾಗಿ ಉಳಿದಿತ್ತು. ತಿಂಗಳುಗಟ್ಟಲೆ ಜನ ತಲೆ ಕೆಡಿಸಿಕೊಂಡರು, ಏನೋ ದೊಡ್ಡ ತಿರುವು ಇದೆ ಅಂತ ನಂಬಿದರು. 2018ರ ಜುಲೈ ಕೊನೆಯಲ್ಲಿ ಉತ್ತರ ಬಂತು: ಎಲ್ಲರೂ ಮೊದಲ ದಿನ ಯಾರ ಮೇಲೆ ಸಂಶಯಪಟ್ಟಿದ್ದರೋ ಆ ಸಿಲ್ವಾನಾಸ್‌ಳೇ, ಒಂದು ಬಣದ ನಾಯಕಿಯೇ, ಆಜ್ಞೆ ಕೊಟ್ಟವಳು. ಅಭಿಮಾನಿಗಳ ಸಿಟ್ಟಿಗೆ ಲೀಕ್ ಕಾರಣ ಆಗಿರಲಿಲ್ಲ. ದುರ್ಬಲ ಕಥೆಗೆ ಗುಟ್ಟು ಒಂದು ಹೊದಿಕೆ ಮಾತ್ರ, ತೆಗೆದ ಮೇಲೆ ಒಳಗಿರೋದೇ ಕಾಣುತ್ತೆ.

ಕಂಪನಿಗಳು ಲೀಕ್ ಮಾಡುವವರನ್ನಷ್ಟೇ ದೂರುವುದೂ ನನಗೆ ಒಪ್ಪಿಗೆಯಿಲ್ಲ. 2024ರಲ್ಲಿ ವಾರ್‌ಕ್ರಾಫ್ಟ್‌ನ ದಿ ವಾರ್ ವಿದಿನ್ ಎಲ್ಲರಿಗೂ ಸಿಕ್ಕಿದ್ದು ಆಗಸ್ಟ್ 26ಕ್ಕೆ. ದುಬಾರಿ ಎಪಿಕ್ ಎಡಿಶನ್ ಕೊಂಡವರು 22ರಿಂದಲೇ ಒಳಗೆ ಹೋಗಿ ಆಡುತ್ತಿದ್ದರು. ಕಥೆಯ ಆರಂಭದ ದೊಡ್ಡ ಘಟನೆಗಳೆಲ್ಲ ಅಷ್ಟರಲ್ಲಿ ಬಯಲು. ಇದು ಲೀಕ್ ಅಲ್ಲ, ಮಾರಾಟದ ಯೋಜನೆ, ಆದರೆ ಕಾಯುತ್ತಿದ್ದ ಆಟಗಾರನಿಗೆ ಆದ ನಷ್ಟ ಒಂದೇ. 2021ರ ಡಿಸೆಂಬರ್‌ನಲ್ಲಿ ಫೈನಲ್ ಫ್ಯಾಂಟಸಿ 14ರ ಎಕ್ಸ್‌ಪ್ಯಾನ್ಶನ್ ಎಂಡ್‌ವಾಕರ್ ಬಂದಾಗ ಸರ್ವರ್‌ಗಳು ತುಂಬಿ ತುಳುಕಿದವು. ಜನ ಗಂಟೆಗಟ್ಟಲೆ ಕ್ಯೂನಲ್ಲಿ ನಿಂತು, 2002 ಅನ್ನೋ ಎರರ್ ಬಂದು ಹೊರಬಿದ್ದು, ಮತ್ತೆ ಕ್ಯೂ ಹಿಡಿಯುತ್ತಿದ್ದರು. ಕಂಪನಿ ಕೊನೆಗೆ ಆಟದ ಮಾರಾಟವನ್ನೇ ಕೆಲ ವಾರ ನಿಲ್ಲಿಸಿ, ಆಡುವವರಿಗೆ ಉಚಿತ ದಿನಗಳನ್ನು ಕೊಟ್ಟಿತು. ಅತ್ತ ಒಳಗೆ ಸೇರಿದವರು ಕಥೆ ಮುಗಿಸಿ ಮಾತಾಡೋಕೆ ಶುರು ಮಾಡಿದ್ದರು. 2013ರಿಂದ ನಡೆದು ಬಂದ ಕಥೆಯ ಕೊನೆ ಅದು.

ಒಳ್ಳೆಯ ದಾರಿಯೂ ಇದೆ. 2023ರ ನವೆಂಬರ್‌ನಲ್ಲಿ ಬ್ಲಿಝಾರ್ಡ್ ಮುಂದಿನ ಮೂರು ಎಕ್ಸ್‌ಪ್ಯಾನ್ಶನ್‌ಗಳ ಹೆಸರನ್ನು ಒಟ್ಟಿಗೇ ಹೇಳಿಬಿಟ್ಟಿತು: ದಿ ವಾರ್ ವಿದಿನ್, ಮಿಡ್‌ನೈಟ್, ದಿ ಲಾಸ್ಟ್ ಟೈಟನ್. ಹೆಸರು ಕದ್ದು ಹೇಳುವವರಿಗೆ ಅಲ್ಲಿ ಕೆಲಸವೇ ಉಳಿಯಲಿಲ್ಲ. ಹೆಸರು ಗೊತ್ತಿದ್ದೂ ಕುತೂಹಲ ಕಮ್ಮಿ ಆಗಲಿಲ್ಲ.

ಇನ್ನು ಕದ್ದು ತಂದ ಲೀಕ್ ಇದೆಯಲ್ಲ, ಅದರ ಪರವಾಗಿ ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಜಿಟಿಎ 6 (ಗ್ರ್ಯಾಂಡ್ ಥೆಫ್ಟ್ ಆಟೊ 6) ಆಟದ ಸುಮಾರು 90 ವಿಡಿಯೊಗಳನ್ನು ರಾಕ್‌ಸ್ಟಾರ್ ಕಂಪನಿಯ ಒಳಗಿಂದ ಹ್ಯಾಕ್ ಮಾಡಿ ಹೊರಗೆ ಹಾಕಿದರು. ಅರ್ಧ ಕಟ್ಟಿದ ಆಟ ಅದು, ಗೋಡೆಗೆ ಬಣ್ಣ ಇಲ್ಲ, ಮುಖಕ್ಕೆ ಭಾವ ಇಲ್ಲ. ಅದನ್ನೇ ನೋಡಿ "ಗ್ರಾಫಿಕ್ಸ್ ಇಷ್ಟೇನಾ" ಅಂತ ಹೀಯಾಳಿಸಿದವರು ಇದ್ದರು. ಆಗ ಬೇರೆ ಸ್ಟುಡಿಯೊಗಳ ಎಷ್ಟೋ ಡೆವಲಪರ್‌ಗಳು ತಮ್ಮ ಹೆಸರಾಂತ ಆಟಗಳ ಅರ್ಧಂಬರ್ಧ ಹಂತದ ವಿಡಿಯೊಗಳನ್ನು ತಾವೇ ಹಾಕಿ, ಎಲ್ಲ ಆಟವೂ ಹೀಗೇ ಶುರುವಾಗೋದು ಅಂತ ತೋರಿಸಿದರು. ಮರುವರ್ಷ ಮೊದಲ ಟ್ರೈಲರ್ ಕೂಡ ಒಂದು ದಿನ ಮುಂಚೆ ಲೀಕ್ ಆಗಿ, ರಾಕ್‌ಸ್ಟಾರ್ ಗಡಿಬಿಡಿಯಲ್ಲಿ ಡಿಸೆಂಬರ್ 4ಕ್ಕೇ ಬಿಡಬೇಕಾಯಿತು.

ಈ ವಿಷಯ ನಮಗೆ ದೂರದ್ದಲ್ಲ. ಬೆಂಗಳೂರಿನಲ್ಲಿ ರಾಕ್‌ಸ್ಟಾರ್‌ನ ದೊಡ್ಡ ಸ್ಟುಡಿಯೊ ಇದೆ. 1997ರಲ್ಲಿ ಇಲ್ಲೇ ಶುರುವಾಗಿ ಭಾರತದ ಹಳೆಯ ಗೇಮ್ ಸ್ಟುಡಿಯೊಗಳಲ್ಲಿ ಒಂದೆನಿಸಿದ್ದ ಧ್ರುವ ಇಂಟರಾಕ್ಟಿವ್ ಅನ್ನು ಅವರು 2019ರಲ್ಲಿ ಕೊಂಡರು. 2024ರಲ್ಲಿ ರಾಕ್‌ಸ್ಟಾರ್ ತನ್ನ ಸಿಬ್ಬಂದಿಗೆ ವಾರದ ಐದೂ ದಿನ ಆಫೀಸಿಗೇ ಬನ್ನಿ ಅಂದಾಗ ಕೊಟ್ಟ ಕಾರಣಗಳಲ್ಲಿ ಸುರಕ್ಷತೆಯೂ ಒಂದು. ಯಾರೋ ಕದ್ದು ಹಾಕಿದ್ದಕ್ಕೆ ನೂರಾರು ಜನರ ದಿನಚರಿ ಬದಲಾಗುತ್ತದೆ. 2023ರ ಡಿಸೆಂಬರ್‌ನಲ್ಲಿ ಇನ್‌ಸೋಮ್ನಿಯಾಕ್ ಸ್ಟುಡಿಯೊಗೆ ಆದ ಹ್ಯಾಕ್‌ನಲ್ಲಂತೂ ಆಟದ ಜೊತೆ ಅಲ್ಲಿ ಕೆಲಸ ಮಾಡುವವರ ಖಾಸಗಿ ದಾಖಲೆಗಳೂ ಹೊರಬಿದ್ದವು. ಆ ಫೈಲ್‌ನಲ್ಲಿ ಬರೋ ಆಟದ ಚಿತ್ರವನ್ನು ಸುಮ್ನೆ ಕುತೂಹಲಕ್ಕೆ ಹಂಚುವವರು ಅದರ ಪಕ್ಕದ ಫೋಲ್ಡರ್‌ನಲ್ಲಿ ಯಾರದೋ ಪಾಸ್‌ಪೋರ್ಟ್ ಇದೆ ಅನ್ನೋದನ್ನ ಯೋಚಿಸಬೇಕು.

ಫೈಲ್ ಕೆದಕುವವರಿಗೆ, ವಿಡಿಯೊ ಮಾಡುವವರಿಗೆ ನಾನು ಕೇಳೋದು ಸಣ್ಣದು. ಹೊಸ ಮ್ಯಾಪ್, ಹೊಸ ಶಕ್ತಿ, ಅಂಕಿ ಸಂಖ್ಯೆ ಎಲ್ಲ ಧಾರಾಳವಾಗಿ ಹಾಕಿ, ನಾನೇ ಮೊದಲು ಓದುತ್ತೇನೆ. ಕಥೆ ಗೊತ್ತಾದರೆ ಅದನ್ನೂ ಬೇಕಾದವರಿಗೆ ಹೇಳಿ, ಆದರೆ ವಿಡಿಯೊ ಒಳಗೆ ಹೇಳಿ. ಶೀರ್ಷಿಕೆಯಲ್ಲಿ ಪಾತ್ರದ ಹೆಸರು ಬೇಡ, ಥಂಬ್‌ನೇಲ್‌ನಲ್ಲಿ ಕೊನೆಯ ದೃಶ್ಯದ ಮುಖ ಬೇಡ. "ಇಷ್ಟ ಇಲ್ಲದಿದ್ದರೆ ನೋಡಬೇಡಿ" ಅನ್ನೋ ಮಾತಿಗೆ ಬೆಲೆ ಬರೋದು ನೋಡದೇ ಇರೋ ಅವಕಾಶ ಇದ್ದಾಗ ಮಾತ್ರ. ದಿ ವಾರ್ ವಿದಿನ್ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಮಧ್ಯಾಹ್ನ ಮೂರಕ್ಕೆ ಶುರುವಾದಾಗ ನಮ್ಮಲ್ಲಿ ಬೆಳಗಿನ ಜಾವ ಮೂರೂವರೆ, ಅದೂ ಮಂಗಳವಾರ. ಕೆಲಸಕ್ಕೆ ಹೋಗುವವರಿಗೆ ನೆಮ್ಮದಿಯಾಗಿ ಕೂತು ಆಡೋಕೆ ಶನಿವಾರವೇ ಬರಬೇಕು. ಮೊದಲ ಭಾನುವಾರ ರಾತ್ರಿ ಕಳೆಯುವವರೆಗಾದರೂ ಶೀರ್ಷಿಕೆಗಳನ್ನು ಹಾಗೇ ಖಾಲಿ ಬಿಡಿ.